12 ವಾರ, 3 ಊರು: ಜಲವರ್ಣಕ್ಕೊಂದು ಸವಾಲು

ಜಲವರ್ಣ ಕಲಿಯಲು ತೊಡಗಿ ಒಂದೆರಡು ವರ್ಷವಾಗುವಷ್ಟರಲ್ಲಿ ಕೈ ನಿಂತಲ್ಲೇ ನಿಂತುಬಿಡುತ್ತದೆ. ಬರುವುದನ್ನೇ ಮತ್ತೆ ಮತ್ತೆ ಬರೆಯುವುದೇ ಇದಕ್ಕೆ ಕಾರಣ. ಬಾರದ್ದನ್ನು ಹಿಡಿದು, ಒಲಿಯುವವರೆಗೆ ಬಿಡದಿರುವುದೇ ಮದ್ದು. ಫ್ರಾನ್ಸಿನ ಕ್ಲೋಡ್ ಮೊನೆ 1892ರಿಂದ 1894ರ ಅವಧಿಯಲ್ಲಿ ರುವಾನ್ ನಗರದ ಒಂದೇ ಚರ್ಚನ್ನು 30ಕ್ಕೂ ಹೆಚ್ಚು ಸಲ ಬರೆದರು. ನಮ್ಮ ಮಲೆನಾಡಿನಲ್ಲಿ ಅಂಥ ಕಷ್ಟದ ವಸ್ತು ಮೂರಿವೆ: ಶೃಂಗೇರಿಯ ಕಲ್ಲು, ಕೊಪ್ಪದ ಹಸಿರು, ನರಸಿಂಹರಾಜಪುರದ ನೀರು. ಒಂದೊಂದಕ್ಕೆ 4 ವಾರ, ವಾರಕ್ಕೊಂದು ಚಿತ್ರ. ಮಳೆ ಹಿಂದೆಗೆಯುವ ಅಕ್ಟೋಬರ್ ಶುರುವಿಗೆ ಒಳ್ಳೆಯ ಕಾಲ.

1. ಸಿದ್ಧತೆ: 300 ಜಿಎಸ್ಎಂ ಕಾಗದವನ್ನು ಹಲಗೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಲೆಮನ್ ಯೆಲ್ಲೋ, ಒಂದು ಕೆಂಪು ಇದ್ದರೆ ಸಾಕು. ಥಂಡಿಗೆ ಕಾಗದ ಬೂಷ್ಟು ಹಿಡಿಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

2. ಕಲ್ಲು (1–4ನೇ ವಾರ): ತುಂಗೆಯ ದಡದ ವಿದ್ಯಾಶಂಕರ ದೇವಾಲಯ 14ನೇ ಶತಮಾನದ್ದು. ಒಳಗಿನ 12 ರಾಶಿಕಂಬಗಳಿಗೆ ಹೆಸರಾದ ಇದರ ಎರಡೂ ತುದಿಗಳು ಬಾಗಿವೆ. ಹೊರಗೋಡೆಯ ತುಂಬ ಶಿಲ್ಪಗಳು. ಶಿಲ್ಪದಿಂದ ಆರಂಭಿಸಿದರೆ ಸೋಲುತ್ತೀರಿ. ಮೊದಲು ಪೆನ್ಸಿಲಿನಲ್ಲಿ 20 ನಿಮಿಷ ಬೆಳಕು, ನಡು, ನೆರಳು ಎಂಬ ಮೂರೇ ಛಾಯೆಗಳಲ್ಲಿ ಇಡೀ ಆಕಾರ ಹಿಡಿಯಿರಿ. ಕಲ್ಲಿನ ಬೂದು ಬಣ್ಣಕ್ಕೆ ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ ಬೆರೆಸಿ. ಕೊಳವೆಯ ಕಪ್ಪು ಮುಟ್ಟಬೇಡಿ, ಕಲ್ಲು ಸತ್ತಂತೆ ಕಾಣುತ್ತದೆ. ಎರಡು ಚಿತ್ರ ಬೆಳಿಗ್ಗೆ, ಎರಡು ಸಂಜೆ ಬರೆಯಿರಿ. ಭಕ್ತರ ಓಡಾಟಕ್ಕೆ ಅಡ್ಡಿಯಾಗದ ಕಡೆ ಕೂರಿ.

3. ಹಸಿರು (5–8ನೇ ವಾರ): ಕೊಪ್ಪದ ಸುತ್ತ ಅಡಿಕೆ ತೋಟ, ಕಾಫಿ ಗಿಡ, ಗುಡ್ಡ ಎಲ್ಲವೂ ಹಸಿರೇ. ಅವನ್ನು ಬೇರೆಬೇರೆಯಾಗಿ ಕಾಣಿಸುವುದೇ ಪರೀಕ್ಷೆ. ಸಿದ್ಧ ಹಸಿರು ಬಳಸಬೇಡಿ. ಎಳೆಯ ಎಲೆಗೆ ಲೆಮನ್ ಯೆಲ್ಲೋ ಜಾಸ್ತಿ, ತೋಟದ ಒಳಗಿನ ಕತ್ತಲಿಗೆ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ, ದೂರದ ಗುಡ್ಡಕ್ಕೆ ನೀರು ಹೆಚ್ಚಾದ ನೀಲಿ. ಅಡಿಕೆ ಮರದ ಕಾಂಡಕ್ಕೆ ಕಾಗದದ ಬಿಳುಪನ್ನು ಮೊದಲೇ ಉಳಿಸಿಕೊಳ್ಳಿ. ಆಮೇಲೆ ಬಿಳಿ ಹಚ್ಚಿದರೆ ಆ ಹೊಳಪು ಬಾರದು.

4. ನೀರು (9–12ನೇ ವಾರ): ನರಸಿಂಹರಾಜಪುರದ ಬಳಿ ಭದ್ರಾ ಹಿನ್ನೀರು ಹರಡಿದೆ. ಪ್ರತಿಬಿಂಬ ವಸ್ತುವಿನ ನೇರ ಕೆಳಗೇ ಬೀಳಬೇಕು. ಕಪ್ಪು ಗುಡ್ಡದ ಬಿಂಬ ಗುಡ್ಡಕ್ಕಿಂತ ತುಸು ತಿಳಿ, ಬೆಳ್ಳನೆಯ ಆಕಾಶದ ಬಿಂಬ ಆಕಾಶಕ್ಕಿಂತ ತುಸು ಗಾಢ. ಕಾಗದ ತೇವವಿರುವಾಗಲೇ ಬಣ್ಣ ಇಳಿಸಿ. ಮುಂಜಾನೆಯ ಮಂಜಿನಲ್ಲಿ ಕಾಗದ ತಡವಾಗಿ ಒಣಗುವುದು ಇಲ್ಲಿ ವರವೇ. ಅಲೆಯ ಗೆರೆಗಳನ್ನು ಮಾತ್ರ ಪೂರ್ತಿ ಒಣಗಿದ ಮೇಲೆ ಎಳೆಯಿರಿ.

5. ಪರಿಶೀಲನೆ: ಪ್ರತಿ ಚಿತ್ರ ಮುಗಿದ ಮೇಲೆ ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆಯಿರಿ. ಎಲ್ಲ ಒಂದೇ ಬೂದಾಗಿ ಕಂಡರೆ ಛಾಯೆ ತಪ್ಪಿದೆ ಎಂದರ್ಥ. ತಾರೀಕಿನೊಂದಿಗೆ ಒಂದು ತಪ್ಪನ್ನು ಮಾತ್ರ ಹಾಳೆಯ ಹಿಂದೆ ಬರೆದಿಡಿ. ಮುಂದಿನ ವಾರ ಅದೊಂದನ್ನೇ ತಿದ್ದಿ.

ಕೆಟ್ಟ ಚಿತ್ರವನ್ನು ಹರಿಯಬೇಡಿ. 12ನೇ ವಾರ ಮತ್ತೆ ಶೃಂಗೇರಿಗೆ ಹೋಗಿ, ಮೊದಲು ಕೂತ ಜಾಗದಲ್ಲೇ ಕೂತು ಒಂದು ಹೆಚ್ಚಿನ ಚಿತ್ರ ಬರೆಯಿರಿ. ಮೊದಲನೆಯದನ್ನು ಅದರ ಪಕ್ಕ ಇಟ್ಟು ನೋಡಿ. ನಿಮ್ಮ ಕೈ ಎಷ್ಟು ದೂರ ನಡೆದಿದೆ ಎಂಬುದನ್ನು ಆ ಎರಡು ಹಾಳೆಗಳೇ ಹೇಳುತ್ತವೆ.