ಹುತ್ತದ ಅಣಬೆ: ಅದರ ಗುಣವೂ ಅಪಾಯವೂ

ಮುಂಗಾರು ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ ಮಲೆನಾಡಿನ ಹುತ್ತಗಳ ಸುತ್ತಮುತ್ತ ಬಿಳಿಯ ಅಣಬೆಗಳು ಏಳುವುವು. ರುಚಿಯಲ್ಲಿ ಇವಕ್ಕೆ ಸಮನಾದುದು ವಿರಳ. ಆದರೆ ಅದೇ ಮಳೆಗೆ ವಿಷದ ಅಣಬೆಗಳೂ ಏಳುವುದರಿಂದ, ಇವೆರಡರ ಭೇದವನ್ನು ಪ್ರತಿಯೊಬ್ಬ ಗೃಹಸ್ಥನೂ ಅರಿತಿರತಕ್ಕದ್ದು.

ಉತ್ಪತ್ತಿ.— ಗೆದ್ದಲು ಒಣಗಿದ ಎಲೆ, ಕಟ್ಟಿಗೆಗಳನ್ನು ತಿಂದು, ಅದರಿಂದ ಹುತ್ತದೊಳಗೆ ರಂಧ್ರಮಯವಾದ ಗೂಡನ್ನು ರಚಿಸಿ, ಅದರಲ್ಲಿ ಒಂದು ಬಗೆಯ ಬೂಷ್ಟನ್ನು ಬೆಳೆಸುವುದು. ಈ ಬೂಷ್ಟು ಕಟ್ಟಿಗೆಯ ಗಟ್ಟಿ ಅಂಶವನ್ನು ಕರಗಿಸಿ ಗೆದ್ದಲಿಗೆ ಆಹಾರವನ್ನೊದಗಿಸುವುದು. ಮಳೆಗಾಲದಲ್ಲಿ ಅದೇ ಬೂಷ್ಟು ನೆಲವನ್ನು ಸೀಳಿಕೊಂಡು ಬಂದು ಅಣಬೆಯಾಗಿ ಕೊಡೆ ಬಿಚ್ಚುವುದು. 1942ರಲ್ಲಿ ಫ್ರಾನ್ಸಿನ ವಿಜ್ಞಾನಿ ರೋಜರ್ ಹೈಮ್ ಈ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟರು.

ಗುಣ.— ಹಸಿಯ ಅಣಬೆಯ 100 ಭಾಗಗಳಲ್ಲಿ ಸುಮಾರು 90 ಭಾಗ ನೀರು. ಉಳಿದುದರಲ್ಲಿ ಸಸಾರಜನಕವೂ ನಾರೂ ಬಿ ವರ್ಗದ ಕೆಲವು ಜೀವಸತ್ವಗಳೂ ಇರುವುವು, ಕೊಬ್ಬು ಅತ್ಯಲ್ಪ. ಆದುದರಿಂದ ಇದು ಒಳ್ಳೆಯ ಪಲ್ಯವೇ ಹೊರತು ಬೇಳೆಕಾಳುಗಳಿಗೆ ಬದಲಲ್ಲ.

ಗುರುತು.— ಅಣಬೆಯನ್ನು ಕೀಳದೆ ಬುಡದವರೆಗೆ ಅಗೆದು ನೋಡತಕ್ಕದ್ದು. ದೊಡ್ಡ ಜಾತಿಯ ಹುತ್ತದ ಅಣಬೆಗೆ ಗೆದ್ದಲಿನ ಗೂಡಿನವರೆಗೆ ಇಳಿದ ಉದ್ದವಾದ ಬೇರಿನಂತಹ ಬಾಲವೂ, ಕೊಡೆಯ ನಡುವೆ ಮೊನೆಯೂ ಇರುವುವು. ಕೊಡೆಯನ್ನು ಬಿಳಿ ಕಾಗದದ ಮೇಲೆ ಬೋರಲಾಗಿ ಕೆಲವು ಗಂಟೆ ಮುಚ್ಚಿಟ್ಟರೆ ನಸುಗೆಂಪು ಧೂಳು ಬೀಳುವುದು. ಹಸಿರು ಧೂಳು ಬಿದ್ದರೆ ಅದು ಹುಲ್ಲುಗಾವಲಿನ ವಿಷದ ಅಣಬೆ. ಬುಡದಲ್ಲಿ ಬಟ್ಟಲಿನಂತಹ ಚೀಲವಿದ್ದರೆ ಅದು ಅಮಾನಿಟಾ ಎಂಬ ಕುಲದ್ದಾಗಿರಬಹುದು. ಅದರಲ್ಲಿ ಪ್ರಾಣಾಂತಿಕ ಜಾತಿಗಳುಂಟು. ಎಲ್ಲ ಗುರುತುಗಳೂ ಕೂಡಿಬಾರದ ಅಣಬೆಯನ್ನು ಎಸೆದುಬಿಡುವುದೇ ಕ್ಷೇಮ.

ಸುಳ್ಳು ಪರೀಕ್ಷೆಗಳು.— ಬೆಳ್ಳಿಯ ನಾಣ್ಯ ಕಪ್ಪಾಗುವುದು, ಜೊತೆಗೆ ಬೇಯಿಸಿದ ಅಕ್ಕಿ ಬಣ್ಣಗೆಡುವುದು, ಹುಳು ತಿಂದಿರುವುದು—ಇವುಗಳಿಂದ ವಿಷವು ತಿಳಿಯದು. ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಹುಳುಗಳು ತಿಂದು ಬದುಕುವುವು. ಅಮಾನಿಟಾದ ವಿಷವು ಬೇಯಿಸಿದರೂ ಒಣಗಿಸಿದರೂ ಹೋಗುವುದಿಲ್ಲ.

ಉಪಯೋಗಿಸುವ ಕ್ರಮ.— ಬಲ್ಲವರಿಂದ ನಿಶ್ಚಯ ಮಾಡಿಕೊಂಡ ಅಣಬೆಯನ್ನು ತಂದ ದಿನವೇ ಚೆನ್ನಾಗಿ ಬೇಯಿಸಿ, ಮೊದಲ ಸಲ ಸ್ವಲ್ಪವೇ ತಿನ್ನತಕ್ಕದ್ದು. ಗೆದ್ದಲಿಗೆ ಔಷಧ ಹಾಕಿದ ಹುತ್ತದ್ದನ್ನು ಮುಟ್ಟಕೂಡದು. ಬೇಯಿಸದ ಒಂದು ಅಣಬೆಯನ್ನು ಬುಡಸಮೇತ ಮರುದಿನದವರೆಗೆ ತೆಗೆದಿಡುವುದು ಒಳ್ಳೆಯದು. ಅನಾಹುತವಾದರೆ ವೈದ್ಯರಿಗೆ ಅದೇ ಸಾಕ್ಷಿ.

ವಿಷವೇರಿದಾಗ.— ಹುಲ್ಲುಗಾವಲಿನ ಅಣಬೆಯಿಂದ 1ರಿಂದ 3 ಗಂಟೆಗಳೊಳಗೆ ವಾಂತಿಭೇದಿಗಳಾಗುವುವು. ಮಾರಕವಾದ ಅಮಾನಿಟಾದಿಂದ ಸಾಮಾನ್ಯವಾಗಿ 6 ಗಂಟೆಗಳಿಗೂ ತಡವಾಗಿ ಆರಂಭವಾಗಿ, ಮರುದಿನ ನಿಂತಂತೆ ತೋರುವುದು. ಈ ಬಿಡುವನ್ನು ನಂಬಿ ರೋಗಿಯನ್ನು ಮನೆಯಲ್ಲಿ ಉಳಿಸಿಕೊಂಡರೆ, ಅಷ್ಟರಲ್ಲಿ ಯಕೃತ್ತು ಕೆಡುತ್ತಿರುವುದು. ತಡವಾಗಿ ಬಂದ ವಾಂತಿಯೇ ಹೆಚ್ಚು ಭಯಂಕರವೆಂದು ತಿಳಿಯತಕ್ಕದ್ದು. ನಾಟಿ ಮದ್ದಿನಲ್ಲಿ ಹೊತ್ತು ಕಳೆಯದೆ, ಅದೇ ಅಡಿಗೆಯನ್ನು ಉಂಡವರೆಲ್ಲರನ್ನೂ, ಇನ್ನೂ ಸ್ವಸ್ಥರಾಗಿರುವವರನ್ನು ಸಹ, ತೆಗೆದಿಟ್ಟ ಅಣಬೆಯೊಡನೆ ದೊಡ್ಡ ಆಸ್ಪತ್ರೆಗೆ ಕೂಡಲೇ ಕಳುಹಿಸತಕ್ಕದ್ದು.

ಗ್ರಾಮದ ಮುಖಂಡರು ಮಳೆಗಾಲಕ್ಕೆ ಮೊದಲೇ ಈ ಸಂಗತಿಗಳನ್ನು, ಮುಖ್ಯವಾಗಿ ಅಣಬೆ ಆರಿಸಲು ಹೋಗುವ ಹೆಂಗಸರಿಗೂ ಮಕ್ಕಳಿಗೂ, ತಿಳಿಯಹೇಳಬೇಕು.