ವರ್ಷ ಎಣಿಸುವ ಪದಕಗಳು: ನಾನು ಕಲಿತ ನಾಲ್ಕು ಪಾಠ

ಹಳೆಯ ಜರ್ಮನ್ ಪೊಲೀಸ್ ಸೇವಾ ಪದಕಗಳನ್ನು ಗುರುತಿಸಿ ಪಟ್ಟಿ ಮಾಡುವಾಗ ಕಲಿತ ನಾಲ್ಕು ಮಾತು ಇಲ್ಲಿವೆ. ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರಿಗೆ ಉಪಯೋಗವಾದೀತು.

1. ರಿಬ್ಬನ್ ನೋಡಿ ಹೆಸರು ಬರೆಯಬೇಡಿ.

ನೀಲಿ ರಿಬ್ಬನ್, ಬೆಳ್ಳಿ ಬಣ್ಣದ ದುಂಡನೆಯ ಪದಕ ಕಂಡು ಪೊಲೀಸರದ್ದೇ ಎಂದು ದಾಖಲಿಸಿಬಿಟ್ಟಿದ್ದೆ. ಅದು ಸೇನೆಯ 4 ವರ್ಷದ ಪದಕ. 1936ರ ಸೇನಾ ಪದಕ, 1938ರ ಜನವರಿ 30ರಂದು ಸ್ಥಾಪನೆಯಾದ ಪೊಲೀಸ್ ಪದಕ, ಸರಕಾರಿ ನೌಕರರ ಪದಕ ಮೂರಕ್ಕೂ ನೀಲಿ ರಿಬ್ಬನ್ನೇ. ಪೊಲೀಸರದ್ದಾದರೆ ‘ಪೊಲೀಸ್ ಪಡೆಯಲ್ಲಿನ ನಿಷ್ಠೆಯ ಸೇವೆಗಾಗಿ’ ಎಂಬರ್ಥದ ಜರ್ಮನ್ ಬರಹ ಹಿಂಬದಿಯಲ್ಲಿರುತ್ತದೆ. ಈಗ ಪದಕವನ್ನು ಮಗುಚಿ ನೋಡದೆ ಪೆನ್ನು ತೆಗೆಯುವುದಿಲ್ಲ.

2. ಹೊಳಪು ತರಿಸಲು ಹೋಗಬೇಡಿ.

ಪೊಲೀಸ್ ಸೇವೆಯಲ್ಲಿ 8 ವರ್ಷಕ್ಕೆ ಬೆಳ್ಳಿ ಬಣ್ಣದ ಪದಕ, 18ಕ್ಕೆ ಬೆಳ್ಳಿ ಬಣ್ಣದ ಶಿಲುಬೆ, 25ಕ್ಕೆ ಚಿನ್ನದ ಬಣ್ಣದ ಶಿಲುಬೆ. ಎರಡು ಶಿಲುಬೆಗಳ ನಡುವೆ ದರ್ಜೆ ಹೇಳುವುದು ಬಣ್ಣವೇ, ಆ ಬಣ್ಣವೋ ತೆಳುವಾದ ಲೇಪ. ದೇವರ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕಿದಂತೆ ತಿಕ್ಕಿದರೆ ಕೊಳೆಯ ಜೊತೆ ಆ ಗುರುತೂ ಹೋಗುತ್ತದೆ. ಮೆತ್ತನೆಯ ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

3. ಸ್ವಸ್ತಿಕ ಇಲ್ಲವೆಂದು ನಕಲಿ ಎನ್ನಬೇಡಿ.

ನಾಜಿ ಕಾಲದ ಹಲವು ಪದಕಗಳನ್ನು ಸ್ವಸ್ತಿಕ ತೆಗೆದ ರೂಪದಲ್ಲಿ ಧರಿಸಲು ಪಶ್ಚಿಮ ಜರ್ಮನಿ 1957ರ ಕಾಯ್ದೆಯಲ್ಲಿ ಅವಕಾಶ ಕೊಟ್ಟಿತು. ಅಂಥದ್ದು ಸಿಕ್ಕರೆ, ಆ ಕಾಯ್ದೆಯ ನಂತರ ತಯಾರಾದದ್ದೇ ಎಂದು ಮೊದಲು ಪರಿಶೀಲಿಸಿ. ಯುದ್ಧದ ನಂತರವೂ ಒಬ್ಬರು ಅದನ್ನು ಎದೆಗೆ ಚುಚ್ಚಿಕೊಳ್ಳಲು ಬಯಸಿದ್ದರು ಎಂಬುದೂ ಇತಿಹಾಸವೇ.

4. ವರ್ಷದ ಲೆಕ್ಕ ನಡತೆಯ ಲೆಕ್ಕವಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ ಇದು. ಪದಕ ಹೇಳುವುದು ಎಷ್ಟು ವರ್ಷ ಸೇವೆ ಎಂದು, ಆ ವರ್ಷಗಳಲ್ಲಿ ಏನು ಮಾಡಿದ ಎಂದಲ್ಲ. 1942ರ ಜುಲೈನಲ್ಲಿ ಹ್ಯಾಂಬರ್ಗ್‌ನ ಮೀಸಲು ಪೊಲೀಸ್ ಬೆಟಾಲಿಯನ್ 101 ಪೋಲೆಂಡಿನ ಯೂಝೆಫುವ್‌ನಲ್ಲಿ ಸುಮಾರು 1,500 ಯಹೂದಿಗಳನ್ನು ಗುಂಡಿಟ್ಟು ಕೊಂದಿತು. ಕೊಂದವರಲ್ಲಿ ಹೆಚ್ಚಿನವರು ನಡುವಯಸ್ಸಿನ ಸಾಮಾನ್ಯ ಗಂಡಸರು. ಹಾಗೆಂದು ಪದಕ ಪಡೆದ ಪ್ರತಿ ಪೊಲೀಸನೂ ಕೊಲೆಗಾರನಲ್ಲ. ಬೀದಿಯ ಸಂಚಾರ ನೋಡಿಕೊಂಡವನಿಗೂ ಗುಂಡು ಹಾರಿಸಿದವನಿಗೂ ಸಿಗುತ್ತಿದ್ದದ್ದು ಒಂದೇ ಪದಕ. ಲೋಹ ನೋಡಿ ವ್ಯತ್ಯಾಸ ಹೇಳಲಾಗದು. ಅದಕ್ಕೇ ಪದಕದ ಜೊತೆ ಬಂದ ಪ್ರಮಾಣಪತ್ರ, ಸೇವಾ ಪುಸ್ತಕಗಳನ್ನು ಬೇರ್ಪಡಿಸಬೇಡಿ. ಪದಕ ಪಡೆದವನು 1939ರಿಂದ 1945ರವರೆಗೆ ಯಾವ ಪಡೆಯಲ್ಲಿ, ಯಾವ ಊರಲ್ಲಿದ್ದ ಎಂದು ಹುಡುಕಿ ಬರೆಯಿರಿ. ತಿಳಿಯದಿದ್ದರೆ ಆ ಕಾಲಂ ಖಾಲಿ ಬಿಡಿ. ‘ನಿಷ್ಠಾವಂತ ಅಧಿಕಾರಿ’ ಎಂದು ಮಾತ್ರ ತುಂಬಬೇಡಿ.