ಮೈಕ್ ಇಲ್ಲದ ಸಭೆ, ಕೊನೆಗೆ ಬರೋ ‘ಬೇಡ’

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ಅಂಗಳದಲ್ಲಿ ಮೆಸ್ ಊಟದ ಬಗ್ಗೆ ಒಂದು ಸಭೆ ನಡೀತು. ಕರೆಂಟ್ ಇರಲಿಲ್ಲ, ಹಾಗಾಗಿ ಮೈಕೂ ಇಲ್ಲ. ಒಬ್ಬ ಸೀನಿಯರ್ ಜೋರಾಗಿ ಕೂಗಿದ್ರು: “ನಾಳೆ ತಿಂಡಿ ಬಹಿಷ್ಕಾರ ಮಾಡೋದು ಬೇಡ!” ಹಿಂದೆ ನಿಂತಿದ್ದ ನಮಗೆ ಕೇಳಿಸಿದ್ದು ‘ಬಹಿಷ್ಕಾರ’ದ ತನಕ ಮಾತ್ರ. ಉಳಿದದ್ದು ಗಲಾಟೆಯಲ್ಲಿ ಮುಚ್ಚಿಹೋಯ್ತು. ಮಾರನೇ ದಿನ ಮುಂದಿನ ಸಾಲಿನವರು ಇಡ್ಲಿ ತಿಂದ್ರು, ನಾವು ಖಾಲಿ ಹೊಟ್ಟೆಯಲ್ಲಿ ಲ್ಯಾಬ್‌ಗೆ ಹೋದ್ವಿ. “ನಮಗೆ ಮೋಸ ಮಾಡಿದ್ರಿ” ಅಂತ ಜಗಳ ಶುರುವಾಗಿ ಎರಡು ಗುಂಪಾಯ್ತು. ಮೆಸ್ ದೂರು ಅಲ್ಲಿಗೇ ನಿಂತಿತು.

ತಪ್ಪು ಯಾರದ್ದು? ಇದನ್ನು ಯೋಚಿಸುವಾಗ ನಂಗೆ ಸಿಕ್ಕಿದ್ದು ನ್ಯೂಯಾರ್ಕ್‌ನ ಒಂದು ಪಾರ್ಕ್.

ಜನರೇ ಮೈಕ್

2011ರ ಸೆಪ್ಟೆಂಬರ್ 17ರಂದು ಆರ್ಥಿಕ ಅಸಮಾನತೆಯ ವಿರುದ್ಧ ‘ಆಕ್ಯುಪೈ ವಾಲ್ ಸ್ಟ್ರೀಟ್’ ಚಳವಳಿಯವರು ಜುಕಾಟಿ ಪಾರ್ಕ್‌ನಲ್ಲಿ ಬೀಡುಬಿಟ್ಟರು. ನವೆಂಬರ್ 15ರಂದು ಪೊಲೀಸರು ಖಾಲಿ ಮಾಡಿಸುವವರೆಗೂ ಅವರ ಸಭೆಗಳು ಅಲ್ಲೇ ನಡೆದವು. ಆ ನಗರದಲ್ಲಿ ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಬಳಸೋಕೆ ಪೊಲೀಸರ ಪರ್ಮಿಟ್ ಬೇಕು. ಅದಿಲ್ಲದೆ ನೂರಾರು ಜನರಿಗೆ ಮಾತು ಕೇಳಿಸೋದು ಹೇಗೆ?

ಮಾತಾಡೋರು ಮೊದಲು “ಮೈಕ್ ಚೆಕ್!” ಅಂತಾರೆ. ಸುತ್ತ ಇರೋರು ಅದನ್ನೇ ಕೂಗ್ತಾರೆ. ಆಮೇಲೆ ಮೂರ್ನಾಲ್ಕು ಪದ ಹೇಳಿ ನಿಲ್ಲಿಸ್ತಾರೆ, ಹತ್ತಿರದವರು ಒಟ್ಟಿಗೆ ತಿರುಗಿ ಹೇಳ್ತಾರೆ. ಗುಂಪು ದೊಡ್ಡದಿದ್ರೆ ಅವರ ಹಿಂದಿನವರು ಇನ್ನೊಂದು ಸಲ ಹೇಳ್ತಾರೆ. ಅಲೆ ಅಲೆಯಾಗಿ ಮಾತು ಹಿಂದಕ್ಕೆ ಹೋಗುತ್ತೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಆಂಪ್ಲಿಫೈಯರ್ ಅಲ್ಲ, ಡಿಜಿಟಲ್ ರಿಪೀಟರ್. ಆಂಪ್ಲಿಫೈಯರ್ ಸಿಗ್ನಲ್ ಜೊತೆ ನಾಯ್ಸನ್ನೂ ದೊಡ್ಡದು ಮಾಡುತ್ತೆ. ರಿಪೀಟರ್ ಮೊದಲು ಸಿಗ್ನಲ್ ಅರ್ಥ ಮಾಡಿಕೊಂಡು ಹೊಸದಾಗಿ ಕಳಿಸುತ್ತೆ. ಇಲ್ಲಿ ಪ್ರತಿಯೊಬ್ಬರೂ ಒಂದು ರಿಪೀಟರ್. ಕೇಳಿಸಿಕೊಳ್ಳದೆ ತಿರುಗಿ ಹೇಳೋಕಾಗಲ್ಲ.

ಆದ್ರೆ ಒಪ್ಪದ ಮಾತನ್ನೂ ನಮ್ಮ ಬಾಯಿಂದಲೇ ಹೇಳಬೇಕಲ್ಲ? ಅದಕ್ಕೆ ಕೈಸನ್ನೆ ಇತ್ತು. ಬೆರಳು ಮೇಲಕ್ಕೆತ್ತಿ ಆಡಿಸಿದ್ರೆ ಒಪ್ಪಿಗೆ, ಕೆಳಗೆ ಆಡಿಸಿದ್ರೆ ಇಲ್ಲ, ತೋಳುಗಳನ್ನು ಅಡ್ಡ ಹಿಡಿದ್ರೆ ಗಟ್ಟಿ ವಿರೋಧ. ಮಾತು ಒಂದು ಚಾನೆಲ್, ಅಭಿಪ್ರಾಯ ಇನ್ನೊಂದು ಚಾನೆಲ್. ಚಪ್ಪಾಳೆ, ಕೂಗಾಟದಿಂದ ಮಾತು ಮುಚ್ಚಿಹೋಗಲ್ಲ.

ಇದಕ್ಕೆ ಬೆಲೆಯೂ ಇದೆ. ಹೊತ್ತು ಎರಡು ಮೂರು ಪಟ್ಟು ಹಿಡಿಯುತ್ತೆ. ಉದ್ದದ, ಸೂಕ್ಷ್ಮವಾದ ವಾದವನ್ನು ಹೀಗೆ ತುಂಡು ಮಾಡಿ ಹೇಳೋದು ಕಷ್ಟ.

ಕನ್ನಡದಲ್ಲಿ ಮಾಡಿದ್ರೆ?

ಇಲ್ಲೊಂದು ತೊಡಕಿದೆ. ಇಂಗ್ಲಿಷ್‌ನಲ್ಲಿ ‘ನಾಟ್’ ಸಾಮಾನ್ಯವಾಗಿ ವಾಕ್ಯದ ಮೊದಲ ಭಾಗದಲ್ಲೇ ಬರುತ್ತೆ. ಕೊನೆಯ ತುಂಡು ಕಳೆದುಹೋದ್ರೂ ಇದು ನಿರಾಕರಣೆ ಅಂತ ಗೊತ್ತಾಗುತ್ತೆ. ಕನ್ನಡದಲ್ಲಿ ಹೌದೋ ಅಲ್ಲವೋ ಅನ್ನೋದು ಹೆಚ್ಚಾಗಿ ಕೊನೆಯ ಪದದಲ್ಲಿರುತ್ತೆ. ‘ನಾಳೆ ತಿಂಡಿ’, ‘ಬಹಿಷ್ಕಾರ ಮಾಡೋದು’, ‘ಬೇಡ’. ಮೂರನೇ ಪ್ಯಾಕೆಟ್ ಡ್ರಾಪ್ ಆದ್ರೆ ಅರ್ಥವೇ ಉಲ್ಟಾ. ನಮ್ಮ ಹಾಸ್ಟೆಲ್‌ನಲ್ಲಿ ಆಗಿದ್ದು ಇದೇ.

ಆದ್ರೆ ನಮ್ಮ ಬೀದಿಯ ಘೋಷಣೆಗಳು ಇದಕ್ಕೆ ಉಪಾಯ ಕಂಡುಕೊಂಡಿವೆ. “ಬೇಕೇ ಬೇಕು” ಅಂತ ಒಬ್ಬರು ಕೂಗಿದ್ರೆ “ನ್ಯಾಯ ಬೇಕು” ಅಂತ ಗುಂಪು ಹೇಳುತ್ತೆ. ಮುಖ್ಯವಾದ ಪದ ಮೊದಲೇ ಬಂತು, ಮೂರು ಸಲ ಬಂತು. ಡೇಟಾ ಕಳೆದುಹೋಗದ ಹಾಗೆ ಅದನ್ನೇ ಮತ್ತೆ ಮತ್ತೆ ಕಳಿಸೋದನ್ನ ನಾವು ಕ್ಲಾಸಲ್ಲಿ ರಿಡಂಡೆನ್ಸಿ ಅಂತ ಓದ್ತೀವಿ, ಅಲ್ವಾ?

2016ರ ಅಕ್ಟೋಬರ್ 16ರಂದು ಬೆಂಗಳೂರಲ್ಲಿ ಉಕ್ಕಿನ ಮೇಲ್ಸೇತುವೆ ವಿರುದ್ಧ ಜನ ಮಾನವ ಸರಪಳಿ ಕಟ್ಟಿದಾಗ ಘೋಷಣೆ ‘ಸ್ಟೀಲ್ ಫ್ಲೈಓವರ್ ಬೇಡ’. ಎರಡು ಪದ ಇಂಗ್ಲಿಷ್, ತೀರ್ಪಿನ ಪದ ಕನ್ನಡ. ಕನ್ನಡ ಸರಿಯಾಗಿ ಬಾರದವರೂ ಆ ಪುಟ್ಟ ‘ಬೇಡ’ವನ್ನು ಹಿಡಿದುಕೊಂಡರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು.

ನೀವೇ ಮಾಡಿ ನೋಡಿ

ಮುಂದಿನ ಸಲ ಮೈಕ್ ಕೈಕೊಟ್ಟಾಗ ಮೂರು ನಿಯಮ ನೆನಪಿಡಿ: ಒಂದು ಸಲಕ್ಕೆ ಮೂರ್ನಾಲ್ಕೇ ಪದ, ‘ಬೇಕು’, ‘ಬೇಡ’ ಮೊದಲು, ಹಿಂದಿನ ಸಾಲಿನಿಂದ ಮಾತು ತಿರುಗಿ ಬರೋ ತನಕ ಮುಂದಿನ ವಾಕ್ಯ ಇಲ್ಲ.

ಆವತ್ತು ಆ ಸೀನಿಯರ್ “ಬೇಡ! ಬಹಿಷ್ಕಾರ ಬೇಡ!” ಅಂದು, ನಮ್ಮ ಬಾಯಲ್ಲೂ ಒಂದು ಸಲ ಹೇಳಿಸಿದ್ದರೆ ಸಾಕಿತ್ತು. ನಾವು ಹಿಂದೆ ನಿಂತವರೂ ಅಷ್ಟೇ, “ಕೇಳಿಸ್ತಿಲ್ಲ” ಅಂತ ಒಬ್ಬರಾದ್ರೂ ಕೂಗಬೇಕಿತ್ತು. ನಾನೂ ಕೂಗಲಿಲ್ಲ.